ಅತ್ತೆಯ ಸಿನ್ ಬತೇರಿಯಾ

ನಮ್ಮತ್ತೆ ಮುದಕಮ್ಮ ಸ್ಪ್ಯಾನಿಷ್ ಕಲಿಯಲು ಕೂತದ್ದು ಸಿಟ್ಟಿಗೆ ಹೆದರಿ. ತಮ್ಮ ಸಿಟ್ಟಿಗಲ್ಲ, ಅದಕ್ಕೆ ಓಣಿಯೇ ಹೆದರುತ್ತದೆ; ಸ್ಪೇನಿನ ಪಿಲಾರಳ ಸಿಟ್ಟಿಗೆ.

ಪಿಲಾರ್ ಹೋದ ವರ್ಷ ನಮ್ಮೂರು ಆನೆಗೊಂದಿಗೆ ಬಂದು, ನಮ್ಮ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು ಬಾಳೆನಾರಿನ ಬುಟ್ಟಿ ಹೆಣೆಯಲು ಕಲಿತು ಹೋದವಳು. ಅವಳಿಗೆ ಬರುವ ಕನ್ನಡ ಒಂದು ಹಿಡಿ. ಹೋದ ವಾರ ಫೋನ್ ಮಾಡಿ, "ಅಕ್ಕಾ, ಈ ವರ್ಷ ಬರಾಂಗಿಲ್ಲ" ಅಂದಳು. ಅಷ್ಟರಲ್ಲಿ ನನ್ನ ಹಳೇ ಮೊಬೈಲಿನ ಚಾರ್ಜ್ ಮುಗಿಯಿತು. ನಮ್ಮಲ್ಲಿ "ಇಡ್ಲೇನ್ರಿ?" ಅಂತ ಕೇಳದೆ, ಆ ಕಡೆಯವರು "ಇಡ್ರಿ" ಅನ್ನದೆ ಫೋನ್ ಇಡುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಪಿಲಾರಳಿಗೆ ಇದನ್ನು ಕಲಿಸಿದವರೂ ಅತ್ತೆಯೇ. ಆಮೇಲೆ ಅವಳ ಫೋನಿಲ್ಲ.

"ನಾ ಸಿಟ್ಟಿಗೆದ್ದು ಕಟ್ ಮಾಡೀನಿ ಅಂತ ತಿಳಕೊಂಡು ತಾನೂ ಸಿಟ್ಟಾಗ್ಯಾಳ ಆ ಹುಡುಗಿ," ಅಂತ ಅತ್ತೆ ಊಟ ಬಿಟ್ಟು ಕೂತರು.

"ಸಿಟ್ಟಿಲ್ಲ ಅಂದುಬಿಡ್ರಿ ಅತ್ತಿ."

"ನಾ ಸಿಟ್ಟಿಲ್ಲ ಅಂದ್ರ ಯಾರು ನಂಬ್ತಾರ? ಕಾರಣ ಹೇಳಬೇಕು, ಅದೂ ನನ್ನ ಬಾಯಿಂದನ."

ಸರಿ, ಮೊಬೈಲೇ ಮಾಸ್ತರಾಯಿತು. ಅದು ಹೇಳಿದ್ದನ್ನು ಅತ್ತೆ ಹೇಳಬೇಕು. ಫೋನಿಗೆ ಮೋವಿಲ್, ಕರೆಗೆ ಯಾಮಾದಾ, ಚಾರ್ಜರಿಗೆ ಕಾರ್ಗದೋರ್. ಚಾರ್ಜ್ ಇಲ್ಲ ಅನ್ನಲು ಸಿನ್ ಬತೇರಿಯಾ. ಅತ್ತೆ ನಾರು ಸೀಳುತ್ತಾ ಎಲ್ಲದಕ್ಕೂ ಒಂದು "ರೀ" ಹಚ್ಚಿ ಬಾಯಿಪಾಠ ಮಾಡಿದರು.

"ಅತ್ತಿ, ಸ್ಪೇನಿನ್ಯಾಗ ಬ್ಯಾಟರಿಗೂ ಮರ್ಯಾದಿ ಕೊಡ್ತಾರೇನ್ರಿ?"

"ನೀ ಮೊದಲ ಅತ್ತಿಗೆ ಕೊಡೂದು ಕಲಿ, ಅನ್ನಪೂರ್ಣ."

ರವಿವಾರ ನಾನೇ ಫೋನ್ ಹಚ್ಚಿಕೊಟ್ಟೆ. ಆ ಕಡೆಯಿಂದ ಹಲೋ ಅನ್ನುವ ಬದಲು "ದೀಗಮೆ?" ಅಂದದ್ದೇ ತಡ, ಅತ್ತೆಗೆ ಕಲಿತದ್ದೆಲ್ಲ ಮರೆತು ಒಂದೇ ಉಳಿಯಿತು.

"ಸಿನ್ ಬತೇರಿಯಾ ರೀ! ಸಿನ್ ಬತೇರಿಯಾ!"

ಪಿಲಾರ್ ಗಾಬರಿಯಾದಳು. ಚಾರ್ಜ್ ಈಗಲೇ ಮುಗಿಯುತ್ತಿದೆ ಅಂದುಕೊಂಡು, "ಇಡ್ರಿ ಅಕ್ಕಾ, ಇಡ್ರಿ!" ಅಂತ ತಾನೇ ಇಟ್ಟುಬಿಟ್ಟಳು.

"ನೋಡಿದೇನ? ಮಾತಾಡಾಕ ಒಲ್ಲಳು," ಅಂದರು ಅತ್ತೆ. ನನಗೆ ನಗು ಉಕ್ಕಿ ಬಂದಿತ್ತು. ಆ ಮುಖ ನೋಡಿ ಪಾಪ ಅನ್ನಿಸಿ ನುಂಗಿಕೊಂಡೆ.

ಚಹಾ ಕುದಿಯುವಷ್ಟರಲ್ಲಿ ಮೊಬೈಲ್ ರಿಂಗಾಯಿತು. "ಅಕ್ಕಾ, ಬತೇರಿಯಾ ಐತೇನ್ರಿ?"

"ಇವತ್ತಲ್ಲವ್ವಾ! ಹೋದ ವಾರ! ಹೋದ ವಾರ ಸಿನ್ ಬತೇರಿಯಾ! ಸಿಟ್ಟಿಲ್ಲ!"

ಸಿಟ್ಟು ಅನ್ನುವ ಶಬ್ದ ಪಿಲಾರಳಿಗೆ ಗೊತ್ತು. ಅತ್ತೆಯ ಪಕ್ಕ ಕೂತವರು ಮೊದಲು ಕಲಿಯುವುದು ಅದನ್ನೇ. ಸಣ್ಣ ದನಿಯಲ್ಲಿ ಕೇಳಿದಳು: "ಸಿಟ್ಟಿಲ್ಲ?"

"ನಿನ್ನ ಮ್ಯಾಲ ಯಾತರ ಸಿಟ್ಟವಾ, ಹುಚ್ಚಿ," ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಇಬ್ಬರೂ ಅವರವರ ಭಾಷೆಯಲ್ಲಿ ಮನಸಾರೆ ಹರಟಿದರು. ಕೊನೆಗೆ ಇಡುವ ಮಾತು ಬಂತು.

"ಇಡ್ಲೇನ್ರಿ?"

"ಇಡವಾ."

"ನೀವ ಇಡ್ರಿ."

"ನೀನ ಇಡು."

ಇಬ್ಬರೂ ಇಡಲೊಲ್ಲರು. ಹಾಗೇ ನಡೆದಿರುವಾಗ ಮೊಬೈಲ್ ಟೊಯ್ ಅಂದು ಕಪ್ಪಾಯಿತು. ನಾನು ಅಯ್ಯಯ್ಯೋ ಅಂತ ಚಾರ್ಜರ್ ತರಲು ಓಡಿದೆ.

ಅತ್ತೆ ಆಗಲೇ ಬುಟ್ಟಿ ಕೈಗೆತ್ತಿಕೊಂಡಿದ್ದರು. "ಸಾವಕಾಶ ತಾ," ಅಂದರು. "ಆಕಿಗೆ ಗೊತ್ತೈತಿ."