ಮೂಲೆ ತಿರುಗಿದ ದಡಿ

ಬಸಲಿಂಗವ್ವನಿಗೆ ಬಾರದ ಕೆಲಸ ಎಂಬುದು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಆಕೆಯ ಮುಂದೆ ಬಂದು ನಿಲ್ಲುವ ಧೈರ್ಯ ಅದಕ್ಕಿರಲಿಲ್ಲ. ಇದು ಊರವರು ಹೇಳುವ ಮಾತಲ್ಲ, ಆಕೆಯೇ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಊರವರು ಬರೀ ತಲೆ ಅಲ್ಲಾಡಿಸುತ್ತಿದ್ದರು. ಅದು ಹೌದೆಂದೋ ಅಲ್ಲವೆಂದೋ ಆಕೆ ವಿಚಾರಿಸಲು ಹೋದವಳಲ್ಲ.

ಇಳಕಲ್ಲಿನಲ್ಲಿ ಮೂವತ್ತೆರಡು ವರ್ಷ ಆಕೆ ಸೀರೆಗೆ ಸೆರಗು ಕೂಡಿಸಿದವಳು. ಅಲ್ಲಿನ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಒಂದು ಕೊಂಡಿ ತಪ್ಪಿದರೂ ಸೆರಗು ಸೊಟ್ಟಗಾಗುತ್ತದೆ, ಸೀರೆ ಮೂಲೆಗೆ ಬೀಳುತ್ತದೆ. ತಾನು ಕೂಡಿಸಿದ ಒಂದು ಸೀರೆಯೂ ಮೂಲೆಗೆ ಬಿದ್ದಿಲ್ಲ, ತಾನು ಹಾಕಿದ ಒಂದು ಎಳೆಯನ್ನೂ ಯಾರೂ ಬಿಚ್ಚಿಸಿಲ್ಲ ಎಂಬುದು ಆಕೆಯ ಆಸ್ತಿ. ಮಗ ನಾಗಲಿಂಗನಿಗೆ ಬಾಗಲಕೋಟೆಯ ಕಚೇರಿಗೆ ವರ್ಗವಾದ ಮೇಲೆ ಆ ಆಸ್ತಿಯನ್ನು ಬಾಯಲ್ಲೇ ಹೊತ್ತುಕೊಂಡು ಅಲ್ಲಿನ ನವನಗರಕ್ಕೆ ಬಂದಿದ್ದಳು. ನವನಗರದಲ್ಲಿ ಮಗ್ಗಗಳಿರಲಿಲ್ಲ, ಸೆಕ್ಟರುಗಳಿದ್ದವು. ಆಕೆ ಮಾತಿನಲ್ಲೇ ಮಗ್ಗ ಹೂಡಿ, ಬಂದವರನ್ನು ಕೂರಿಸಿಕೊಂಡು ನೇಯುತ್ತಿದ್ದಳು.

ಸೊಸೆ ವಿದ್ಯಾಳದು ಇನ್ನೊಂದು ಬಗೆ. ಬಿ.ಎ. ಮುಗಿಸಿ, ಮೊಬೈಲು ನೋಡಿಕೊಂಡು ಕ್ರೋಶಾ ಹೆಣಿಕೆ ಕಲಿತವಳು. ಮದುವೆಯಾದ ನಾಲ್ಕು ವರ್ಷದಲ್ಲಿ ಆರು ಕಡೆ ಅರ್ಜಿ ಹಾಕಿದ್ದಳು. ಏಳನೆಯದಕ್ಕೆ ಮೊದಲ ಬಾರಿ ಕರೆ ಬಂದಿತ್ತು. ಊರಿನ ಮಹಿಳಾ ತರಬೇತಿ ಕೇಂದ್ರಕ್ಕೆ ಕ್ರೋಶಾ ಕಲಿಸುವವರು ಒಬ್ಬರು ಬೇಕಾಗಿದ್ದರು. ಸೋಮವಾರ ಹನ್ನೊಂದಕ್ಕೆ ಬರಬೇಕು, ಅಂಚಿಗೆ ಬಣ್ಣದ ದಡಿ ಹಾಕಿ ಪೂರ್ತಿ ಮುಗಿಸಿದ ಒಂದು ಹೊದಿಕೆ ತರಬೇಕು. ಹೊದಿಕೆಯ ಮೈ ಆಗಲೇ ಸಿದ್ಧವಿತ್ತು. ಕೆನೆಬಣ್ಣದ ಮೇಲೆ ಕರಿ ಚೌಕಳಿ, ಐದು ತಿಂಗಳ ಕೆಲಸ. ಉಳಿದದ್ದು ದಡಿ ಒಂದೇ.

ಬುಧವಾರ ಗುಡೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ವಿದ್ಯಾ ಜಾರಿ, ಬಲಗೈ ಊರಿ ಬಿದ್ದಳು. ದವಾಖಾನೆಯಿಂದ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದಾಗ ಮುಖ ಪ್ಲಾಸ್ಟರಿಗಿಂತ ಬೆಳ್ಳಗಿತ್ತು.

"ಹೆಂಗ ಬಿದ್ದಿ?" ಎಂದು ಕೇಳಿದ ಬಸಲಿಂಗವ್ವ, ಉತ್ತರಕ್ಕೆ ಕಾಯದೆ ತಾನೇ ಕಂಡಕ್ಟರನಾದಳು. "ಗುಡೂರ ಗುಡೂರ ಗುಡೂರ! ಇಳೀರಿ ಲಗೂನ! ಏ ಅಕ್ಕಾ, ಇಳಿ ಅಂದ್ನಿ, ಬೀಳು ಅನ್ಲಿಲ್ಲ!" ಮೂಗಿನಿಂದ ಸೀಟಿಯನ್ನೂ ಊದಿದಳು.

ವಿದ್ಯಾ ನಗಲು ಹೋಗಿ ಅತ್ತುಬಿಟ್ಟಳು. "ಮೂರು ವಾರ ಕೈ ಅಲ್ಲಾಡಸಬಾರ್ದಂತ್ರೀ ಅತ್ತಿ. ಹೋತ್ರಿ, ಇದೂ ಹೋತು."

"ಎಲ್ಲಿ ಹೋಗ್ತೈತಿ? ಆ ಕೊಕ್ಕಿ ಇಲ್ಲಿ ಕೊಡು."

"ನಿಮಗ ಬರೂದಿಲ್ರೀ ಅತ್ತಿ."

ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಬಸಲಿಂಗವ್ವ ಕ್ರೋಶಾ ಸೂಜಿಯನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹೋಗಿ ಕುಳಿತಳು. ಕೈಯಲ್ಲಿ ಕ್ರೋಶಾ, ಮುಖದಲ್ಲಿ ಆಕ್ರೋಶ.

ಮೊದಲ ದಿನ ದಾರ ಗಂಟಾಯಿತು, ಅತ್ತೆ ಸೊಸೆಯ ಮಾತೂ ಗಂಟಾಯಿತು. ಕೈಯಾಡಿಸಿ ತೋರಿಸಲು ವಿದ್ಯಾಳಿಗೆ ಆಗುತ್ತಿರಲಿಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳಬೇಕಿತ್ತು. ಸಿಂಗಲ್, ಡಬಲ್, ಸ್ಲಿಪ್ ಎಂದೆಲ್ಲ ಹೇಳಿ ಸೋತು, ಕೊನೆಗೆ ತುಸು ಯೋಚಿಸಿ ಅಂದಳು: "ಅತ್ತಿ, ಇದು ಕೊಂಡೀನ ನೋಡ್ರಿ. ಕೊಂಡಿಯೊಳಗ ಕೊಂಡಿ ಹಾಕ್ಕೋತ ಹೋದ್ರ ಸರಪಳಿ. ಸೂಜಿಗೆ ಒಂದ ಸುತ್ತು ದಾರ ಸುತ್ತಿ, ಎಳದು, ಎರಡೆರಡ ಬಿಟ್ರ ಕಂಬ."

"ಹಂಗನ್ನು ಮತ್ತ! ಮುಂಜಾನಿಂದ ಸಿಂಗಲ್ಲು ಡಬಲ್ಲು ಅಂತ ಕಬಡ್ಡಿ ಆಡಸಾಕತ್ತಿದ್ದಿ."

ಅಲ್ಲಿಂದ ಕೈ ಓಡಿತು. ಶುಕ್ರವಾರ ಒಂದು ಉದ್ದದ ಬದಿಗೆ ಅರಿಸಿನ, ಹಸಿರು, ಕೆಂಪಿನ ದಡಿ ಬಂತು. ಶನಿವಾರ ಇನ್ನೊಂದು ಉದ್ದದ ಬದಿಗೂ ಅದೇ ದಡಿ. ಭಾನುವಾರ ವಿದ್ಯಾಳ ಕೈ ಊದಿಕೊಂಡಿತು. ನಾಗಲಿಂಗ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದ. ಇಬ್ಬರೂ ಸಂಜೆ ಬಂದಾಗ ಹೊದಿಕೆ ಮಡಿಕೆಯಾಗಿ, ಹಳೆಯ ಪಂಚೆಯಲ್ಲಿ ಗಂಟಾಗಿ, ಕಪಾಟಿನ ಮೇಲೆ ಕುಳಿತಿತ್ತು.

"ಮುಗೀತು," ಎಂದಳು ಬಸಲಿಂಗವ್ವ.

"ಖರೇನ? ಬಿಚ್ಚಿ ತೋರಸ್ರೀ ಅತ್ತಿ."

"ಘಳಿಗಿ ಮುರಿಯೂದು ತಗೊಳ್ಳಾಕಿ ಕೈಯಾಗ. ನೇದವರ ಮನ್ಯಾಗ ಮುರೀಬಾರ್ದು." ಇಳಕಲ್ಲಿನ ತನ್ನ ಮನೆಯಿಂದ ಸೀರೆ ಹೊರಡುವಾಗ ಆಕೆ ಪಾಲಿಸಿದ ಕಟ್ಟಳೆ ಅದು. ಒಮ್ಮೆ ಹೊಸ ಸೀರೆಗೆ ಘಳಿಗೆಯ ಮಡಿಕೆ ಹಾಕಿದ ಮೇಲೆ ಮಗ್ಗದ ಯಜಮಾನ ಬಂದು ಕೇಳಿದರೂ ಬಿಚ್ಚಿದವಳಲ್ಲ.

ನೋವಿನ ಗುಳಿಗೆ ನುಂಗಿದ್ದ ವಿದ್ಯಾ ಒತ್ತಾಯ ಮಾಡಲಿಲ್ಲ. "ದಡಿ ನಿಮ್ಮ ಕೈದು ಅಂತ ನಾ ಅಲ್ಲಿ ಹೇಳ್ತೇನ್ರೀ. ಸುಳ್ಳು ಹೇಳೂದಿಲ್ಲ."

"ಹೇಳು. ನನ್ನ ಹೆಸರೂ ಒಂದ್ಸಲ ಸರ್ಕಾರಿ ಹಾಳ್ಯಾಗ ಬರಲಿ."

ಸೋಮವಾರ ಅತ್ತೆ ಸೊಸೆ ಇಬ್ಬರೂ ತಮ್ಮ ಸೆಕ್ಟರಿನ ಅಹ್ಮದಸಾಬನ ಆಟೋದಲ್ಲಿ ಹೊರಟರು. ದಾರಿಯುದ್ದಕ್ಕೂ ಬಸಲಿಂಗವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ದರ್ಬಾರಿಗೆ ಹೊರಟವಳಂತೆ ಕುಳಿತಿದ್ದಳು.

ಕೇಂದ್ರದ ಹಾಲಿನಲ್ಲಿ ಇನ್ನೂ ನಾಲ್ವರು ಅಭ್ಯರ್ಥಿಗಳು ಕಾಯುತ್ತಿದ್ದರು. ಮೇಜಿನ ಹಿಂದೆ ಮಹೇಶ್ವರಿ ಮೇಡಂ. ಮೈಸೂರು ಕಡೆಯವರು, ಮಾತು ಇಸ್ತ್ರಿ ಮಾಡಿದಂತೆ ನೆಟ್ಟಗೆ. "ದಯವಿಟ್ಟು ಒಬ್ಬೊಬ್ಬರಾಗಿ ಬನ್ನಿ. ಗಲಾಟೆ ಮಾಡಬೇಡಿ," ಎಂದರು. ಹಿಂದಿನ ಬೆಂಚಿನಲ್ಲಿ ಬಸಲಿಂಗವ್ವ ಬಾಯಿ ಸಣ್ಣಗೆ ಮಾಡಿ, "ದಯವಿಟ್ಟೂ... ಬನ್ನೀ..." ಎಂದು ಪಕ್ಕದವಳಿಗೆ ಒಪ್ಪಿಸಿದಳು. ಪಕ್ಕದವಳು ಸೆರಗು ಬಾಯಿಗೆ ಒತ್ತಿಕೊಂಡಳು.

ವಿದ್ಯಾಳ ಸರದಿ ಬಂತು. ಘಳಿಗೆ ಮುರಿದು ಹೊದಿಕೆಯನ್ನು ಮೇಜಿನ ತುಂಬ ಹರಡಿದರು. ಹಾಲಿನಲ್ಲಿ "ಅಬ್ಬಾ" ಎಂಬ ಸದ್ದು ಎದ್ದಿತು. ಎರಡೂ ಕಡೆ ಅರಿಸಿನ, ಹಸಿರು, ಕೆಂಪಿನ ದಡಿ ಗೆರೆ ಎಳೆದಂತೆ ನೇರ. ತಲೆಯ ಕಡೆಗೆ ಗೇಣಗಲ ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆಗಳ ಸಾಲು. ಮೇಡಂ ಕನ್ನಡಕ ಸರಿಮಾಡಿಕೊಂಡು ಬೆರಳಾಡಿಸುತ್ತ ಬಂದರು. ನಾಲ್ಕನೆಯ ಬದಿಯಲ್ಲಿ ಬೆರಳು ನಿಂತಿತು.

ಅಲ್ಲಿ ದಡಿಯೇ ಇರಲಿಲ್ಲ. ಕೆನೆಬಣ್ಣದ ಮೈ ಬೋಳಾಗಿ ಮುಗಿದಿತ್ತು.

"ಈ ಬದಿ ಯಾಕೆ ಹೀಗಿದೆ? ಮುಗಿದಿಲ್ಲವಲ್ಲ?"

ವಿದ್ಯಾ ಮೇಜಿನ ಮೇಲೆ ಬಾಗಿ ನೋಡಿದಳು. ಉತ್ತರ ಹಿಂದಿನ ಬೆಂಚಿನಿಂದ ಬಂತು. "ಮುಗದೈತ್ರಿ ಮೇಡಮ್ಮಾರ! ಎರಡು ದಡಿ, ಒಂದು ಸೆರಗು. ಅದು ಒಳಗಿನ ತುದಿ. ಅದನ್ನ ನಡಕ್ಕ ಸಿಗಸ್ತಾರ, ಯಾರಿಗೆ ಕಾಣ್ತೈತಿ? ಅದಕ್ಕ ಬಣ್ಣ ಯಾರ ಹಾಕ್ತಾರ?"

ಹಾಲು ಗೊಳ್ಳೆಂದಿತು. ನಾಲ್ವರಲ್ಲಿ ಒಬ್ಬಾಕೆ, "ಹೊದಿಕೀನ ಉಟಗೊಂತಾರೇನ ಅಮ್ಮಾ?" ಎಂದು ಕೊಕ್ಕೆ ತೆಗೆದಳು.

ಮೇಡಂ ನಗಲಿಲ್ಲ. "ಇವರು ಯಾರು?"

"ನಮ್ಮ ಅತ್ತೀರಿ," ಎಂದಳು ವಿದ್ಯಾ. ಪ್ಲಾಸ್ಟರು ಹಾಕಿದ ಕೈಯನ್ನು ಎತ್ತಿ ತೋರಿಸಿದಳು. "ಮೈ ನಂದು. ದಡಿ ಅವರ ಕೈದು. ನಾ ಬರೇ ಬಾಯ್ಲೆ ಹೇಳೇನಿ. ನಾಕೂ ಕಡಿ ಹಾಕ್ರಿ ಅಂತ ಹೇಳೂದ ಮರತೇನ್ರಿ. ಎಲ್ಲಾರಿಗೂ ಗೊತ್ತಿರ್ತೈತಿ ಅನ್ಕೊಂಡಿದ್ನಿ."

"ಅಂದರೆ ಇದು ಪೂರ್ತಿ ನಿಮ್ಮ ಕೈಕೆಲಸ ಅಲ್ಲ. ಮುಗಿದೂ ಇಲ್ಲ." ಮೇಡಂ ಹೊದಿಕೆಯನ್ನು ಮೇಜಿನ ಅಂಚಿಗೆ ಸರಿಸಿದರು. "ಕ್ಷಮಿಸಿ. ಮುಂದಿನವರು ಬನ್ನಿ."

ವಿದ್ಯಾ ಎಡಗೈಯಿಂದ ಹೊದಿಕೆ ಮಡಚತೊಡಗಿದಳು. ಒಂದೇ ಕೈಗೆ ಮಡಿಕೆ ನಿಲ್ಲಲಿಲ್ಲ, ಮಡಚಿದಷ್ಟೂ ಜಾರುತ್ತಿತ್ತು. ಬಸಲಿಂಗವ್ವ ಅದನ್ನು ನೋಡಿದಳು. ಸೊಸೆ ಬಸ್ಸಿನಿಂದ ಬಿದ್ದಾಗ ತಪ್ಪನ್ನು ಕಂಡಕ್ಟರನ ಮೇಲೆ ಹಾಕಿದ್ದಳು, ಕೈ ಊದಿದಾಗ ಡಾಕ್ಟರನ ಮೇಲೆ ಹಾಕಿದ್ದಳು. ಇದನ್ನು ಹಾಕಲು ಇನ್ನೊಬ್ಬರು ಸಿಗಲಿಲ್ಲ. ಎದ್ದು ನೇರ ಮೇಜಿನ ಬಳಿ ಬಂದಳು.

"ಮೇಡಮ್ಮಾರ, ನಿಮಗ ಹೆಣ್ಯಾಕಿ ಬೇಕೋ, ಕಲಸಾಕಿ ಬೇಕೋ?"

"ಕಲಿಸುವವರು ಬೇಕು. ಆದರೆ..."

"ಬುಧವಾರ ನನಗ ಈ ಕೊಕ್ಕಿ ಹಿಡಿಯಾಕ ಬರ್ತಿರಲಿಲ್ಲ." ಇಡೀ ಹಾಲಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದಳು: "ಬರ್ತಿರಲಿಲ್ಲ. ಈಕಿ ಕೈ ಮುಟ್ಟದ ಕಲಸ್ಯಾಳ. ಒಳ್ಳೇದಾಗಿದ್ದು ಈಕೀದು, ಬೋಳ ಬಿಟ್ಟಿದ್ದು ನಂದು. ಇಲ್ಲೇ ಕೂಡ್ತೇನಿ, ಈಕಿ ಹೇಳಲಿ, ನಾ ಮಾಡ್ತೇನಿ. ಉಳದವರನ್ನ ನೀವು ನೋಡ್ರಿ, ನಡನಡಕ ನಮ್ಮನ್ನೂ ನೋಡ್ರಿ."

ಮೇಡಂ ಗಡಿಯಾರ ನೋಡಿದರು, ಬಸಲಿಂಗವ್ವನನ್ನು ನೋಡಿದರು. ಗಡಿಯಾರವನ್ನಾದರೂ ನಿಲ್ಲಿಸಬಹುದು ಎಂದು ಅವರಿಗೆ ಅನ್ನಿಸಿರಬೇಕು. "ಕೂತುಕೊಳ್ಳಿ," ಎಂದರು.

ಬಸಲಿಂಗವ್ವ ನೆಲದ ಮೇಲೆ ಕಾಲು ಚಾಚಿ ಕುಳಿತಳು. ವಿದ್ಯಾ ಎದುರಿಗೆ ಕುರ್ಚಿಯಲ್ಲಿ. ಮೊದಮೊದಲು ಅವಳ ದನಿ ನಡುಗುತ್ತಿತ್ತು. "ಬೋಳ ಕಡಿ ಅಷ್ಟ ಬ್ಯಾಡ್ರೀ ಅತ್ತಿ, ಬ್ಯಾರೆ ಕಾಣ್ತೈತಿ. ಕೆಂಪ ದಾರ ತಗೊಂಡು ನಾಕೂ ಕಡಿ ಕೂಡೇ ಒಂದ ಸುತ್ತು ಬರ್ರಿ. ಅಂಚಿನ ಒಂದೊಂದ ತೂತು ಒಂದ ಮನಿ, ಒಂದ ಮನಿಗೆ ಒಂದ ಕಂಬ."

ಬೋಳು ಬದಿಯಲ್ಲಿ ಕೆಂಪು ಕಂಬಗಳು ಸಾಲಾಗಿ ಎದ್ದವು. ಬಸಲಿಂಗವ್ವನ ಕೈಗೆ ಹಳೆಯ ಓಟ ಬಂತು. ಮೂಲೆ ಬಂದಾಗಲೂ ಅದೇ ಓಟದಲ್ಲಿ ತಿರುಗಿ, ಪಕ್ಕದ ಬದಿಯಲ್ಲಿ ಹತ್ತು ಕಂಬ ಮುಂದೆ ಹೋಗಿದ್ದಳು. ಮೇಡಂ ಮುಂದಿನ ಅಭ್ಯರ್ಥಿಯನ್ನು ಪ್ರಶ್ನಿಸುತ್ತಿದ್ದರು.

"ಅತ್ತಿ, ನಿಂದರ್ರಿ. ಮೂಲಿ ಮುದುಡೇತಿ."

"ಎಲ್ಲಿ? ಬಿಗಿ ಕುಂತೈತಿ."

"ಬಿಗಿ ಆದದ್ದಕ್ಕ ಮುದುಡೇತ್ರಿ. ಹಿಂಗ ಬಿಟ್ರ ಹೊದಿಕಿ ಬುಟ್ಟಿ ಆಗ್ತೈತಿ. ಮೂಲ್ಯಾಗ ಒಂದ ಮನಿಯೊಳಗ ಮೂರು ಕಂಬ ಹಾಕಬೇಕು, ಅಂದ್ರ ತಿರಗಾಕ ಜಾಗ ಸಿಗ್ತೈತಿ. ಬಿಚ್ಚರಿ."

"ಏನಂದಿ?"

"ಬಿಚ್ಚರಿ." ವಿದ್ಯಾಳ ದನಿ ಈಗ ನಡುಗಲಿಲ್ಲ. "ಮೂಲಿ ತನಕಾ ಬಿಚ್ಚರಿ."

ಪ್ರಶ್ನೋತ್ತರ ನಿಂತಿತು. ಮೇಡಂ ಪೆನ್ನು ಕೆಳಗಿಟ್ಟು ಇತ್ತ ತಿರುಗಿದರು.

ಬಸಲಿಂಗವ್ವ ಮೂಲೆಯನ್ನು ಅಂಗೈ ಮೇಲೆ ಇಟ್ಟುಕೊಂಡಳು. ಹೌದು, ಅದು ಎಲೆಯ ದೊನ್ನೆಯಂತೆ ಮೇಲೆದ್ದಿತ್ತು. ಸೀರೆಯ ದಡಿ ಹುಟ್ಟಿದಲ್ಲಿಂದ ಮುಗಿಯುವ ತನಕ ನೇರ ಹೋಗುತ್ತದೆ. ಮೂವತ್ತೆರಡು ವರ್ಷದಲ್ಲಿ ಆಕೆಯ ಕೈಯೊಳಗಿನ ಒಂದು ದಡಿಯೂ ಮೂಲೆ ತಿರುಗಿರಲಿಲ್ಲ. ತಿರುಗುವುದಕ್ಕೂ ಒಂದು ವಿದ್ಯೆ ಬೇಕು ಎಂಬುದೇ ಆಕೆಗೆ ಗೊತ್ತಿರಲಿಲ್ಲ. ದಾರದ ತುದಿ ಹಿಡಿದು ಎಳೆದಳು. ಹತ್ತು ಕಂಬಗಳೂ ಸರಸರನೆ ಉರುಳಿದವು. ಇಡೀ ಹಾಲು ನೋಡುತ್ತಿತ್ತು. ನೋಡಲಿ ಎಂದುಕೊಂಡಳು.

"ಹೇಳು. ಮೂರು ಒಂದ ಮನ್ಯಾಗ?"

"ಒಂದ ಮನ್ಯಾಗ. ಒತ್ತಿ ಹಾಕಬ್ಯಾಡ್ರಿ, ಸಡ್ಲ ಬಿಡ್ರಿ."

ಒಂದು, ಎರಡು, ಮೂರು. ಮೂಲೆ ಬೀಸಣಿಗೆಯಂತೆ ಬಿಚ್ಚಿಕೊಂಡು ನೆಲದ ಮೇಲೆ ಸಪಾಟಾಗಿ ಮಲಗಿತು. ಬಸಲಿಂಗವ್ವ ಅದನ್ನು ಎರಡು ಸಲ ಸವರಿ ನೋಡಿದಳು. ಎರಡನೆಯ ಮೂಲೆಯಲ್ಲಿ ವಿದ್ಯಾ ಬಾಯಿ ತೆರೆಯುವ ಮೊದಲೇ, "ಗೊತ್ತೈತಿ, ಗೊತ್ತೈತಿ, ಮೂರು," ಎಂದಳು. ಮೂರನೆಯ ಮೂಲೆಯ ಹೊತ್ತಿಗೆ, ಉಟ್ಟುಕೊಳ್ಳುತ್ತಾರೇನು ಎಂದು ಕೇಳಿದ್ದವಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಆಕೆಗೆ ಬಸಲಿಂಗವ್ವನೇ ಹೇಳಿಕೊಟ್ಟಳು, ಸೊಸೆಯ ದನಿಯನ್ನೇ ತೆಗೆದು: "ಒತ್ತಿ ಹಾಕಬ್ಯಾಡ್ರಿ, ಸಡ್ಲ ಬಿಡ್ರಿ."

ಎಲ್ಲರ ಸಂದರ್ಶನ ಮುಗಿಸಿ ಮೇಡಂ ಎದ್ದು ಬಂದರು. ಹೊದಿಕೆಯ ಒಂದು ಮೂಲೆಯನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರು. ಅದು ಸಪಾಟಾಗಿಯೇ ಬಿತ್ತು.

"ಅತ್ತೆಯ ಕೈಲಿ ಬಿಚ್ಚಿಸಿದಿರಲ್ಲ," ಎಂದರು ವಿದ್ಯಾಳಿಗೆ. "ನಮ್ಮ ತರಗತಿಗೆ ಬರುವವರಲ್ಲಿ ಅರ್ಧ ಜನ ಇವರ ಹಾಗೆ ಎಲ್ಲ ಬಲ್ಲವರೇ. ಕೈ ವಾಸಿಯಾಗುವ ತನಕ ಬಾಯಲ್ಲೇ ಕಲಿಸುತ್ತೀರಾ?"

"ಕಲಸ್ತೇನ್ರಿ."

"ಹಾಗಾದರೆ ಗುರುವಾರದಿಂದ ಬನ್ನಿ. ಪತ್ರ ಈಗಲೇ ಕೊಡುತ್ತೇನೆ, ಕಚೇರಿಗೆ ನಡೆಯಿರಿ."

ವಿದ್ಯಾ ಎದ್ದು ನಿಂತವಳು ಅತ್ತೆಯ ಕಡೆ ನೋಡಿದಳು. "ಅತ್ತಿ, ಏಳ್ರಿ, ಹೋಗೂನು."

"ನೀ ಹೋಗಿ ತಗೊಂಡ ಬಾ," ಎಂದಳು ಬಸಲಿಂಗವ್ವ, ತಲೆ ಎತ್ತದೆ. "ನಂದು ಇನ್ನೊಂದ ಮೂಲಿ ಉಳದೈತಿ."