ಕಾಣದ ತೇಪೆ

ಮಗ ಲ್ಯಾಪ್‌ಟಾಪನ್ನು ಇನ್ನೊಂದು ಸಲ ಆಫ್ ಮಾಡಿ ಆನ್ ಮಾಡಿದ. ಪಕ್ಕದ ಮಂಚದ ಮೇಲೆ ಅವನ ತಾಯಿ ಮಲಗಿದ್ದಳು, ಬೆಳಗಿನ ಜಾವ ಉಸಿರು ನಿಲ್ಲಿಸಿದವಳು. ಅವಳನ್ನು ಕರೆದೊಯ್ಯುವ ವಾಹನ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

ಪರದೆಯಲ್ಲಿ ದೂರದೂರಿನ ಸೋದರಮಾವ, ಅವಳ ಒಬ್ಬನೇ ಅಣ್ಣ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ಬರುವ ಹಾಗಿರಲಿಲ್ಲ. ತಂಗಿಯ ಮುಖ ನೋಡುವ ತನಕ ಎತ್ತಕೂಡದೆಂದು ಹಟ ಹಿಡಿದಿದ್ದರು. ಅವರ ಮುಖ ಇಲ್ಲಿ ಕಾಣುತ್ತಿತ್ತು; ಇಲ್ಲಿಂದ ಹೋಗುತ್ತಿದ್ದುದು ಬರೀ ಕಪ್ಪು. ಮೊಬೈಲಿನಲ್ಲಿ ತೋರಿಸುತ್ತೇನೆಂದರೂ ಒಪ್ಪಲಿಲ್ಲ.

"ನನಗೆ ಬರೋದು ಇದೊಂದೇ ಗುಂಡಿ ಕಣೋ. ಅವಳು ಕೂತು ಮಾತಾಡ್ತಿದ್ದ ಪೆಟ್ಟಿಗೇಲೇ ತೋರಿಸು."

ಮಗ ಸೆಟ್ಟಿಂಗ್ಸ್ ಹೊಕ್ಕು ಹೊರಬಂದ, ಡ್ರೈವರ್ ತೆಗೆದು ಮತ್ತೆ ಹಾಕಿದ, ಕೀಬೋರ್ಡಿನಲ್ಲಿ ಕ್ಯಾಮೆರಾ ಗುರುತಿದ್ದ ಗುಂಡಿ ಒತ್ತಿದ. ಸುತ್ತ ನಿಂತವರು ತಲೆಗೊಂದು ಸಲಹೆ ಕೊಟ್ಟರು. ಸಾವಿನ ಮನೆಯಲ್ಲಿ ಅಳುವುದನ್ನು ಬಿಟ್ಟು ಬೇರೆ ಕೆಲಸ ಸಿಕ್ಕರೆ ಯಾರು ತಾನೇ ಬಿಡುತ್ತಾರೆ? ಎದುರುಮನೆಯ ಬಡಗಿ ಒಂದೇಟು ಕೊಟ್ಟು ನೋಡೆಂದ. ಅವರ ಮನೆಯ ಟಿವಿ ಹಾಗೇ ಸರಿಹೋಗುತ್ತಿತ್ತಂತೆ. ಮೂಲೆಯ ಕುರ್ಚಿಯಲ್ಲಿದ್ದ ತಂದೆ ಮಾತ್ರ ತುಟಿ ಬಿಚ್ಚಲಿಲ್ಲ.

ಕೊನೆಗೆ ಸೊಸೆ ಹತ್ತಿರ ಬಗ್ಗಿದಳು. "ಕ್ಯಾಮೆರಾ ಪಕ್ಕದ ದೀಪ ಉರೀತಿದೆಯಲ್ಲ. ಕೆಟ್ಟಿಲ್ಲ ಇದು, ಏನೋ ಅಡ್ಡ ಇದೆ."

ಪರದೆಯ ಮೇಲಂಚನ್ನು ಉಗುರಿನಿಂದ ಕೆರೆದಳು. ಕಪ್ಪು ಲೈನಿಂಗ್ ಬಟ್ಟೆಯ ಪುಟ್ಟ ಚೂರೊಂದು ಎದ್ದು ಬಂತು. ಅಂಟಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಸತ್ತವಳು ಬೀದಿಯ ದರ್ಜಿ. ಅವಳು ಹಾಕಿದ ತೇಪೆ ಹುಡುಕಿದರೂ ಸಿಗುತ್ತಿರಲಿಲ್ಲ. ಕಾಲೇಜಿಗೆ ತೊಟ್ಟುಹೋಗುತ್ತಿದ್ದ ಪ್ಯಾಂಟಿನಲ್ಲಿ ಎಷ್ಟು ತೇಪೆಗಳಿದ್ದವೆಂದು ಈ ಮಗನಿಗೂ ಗೊತ್ತಿರಲಿಲ್ಲ.

"ಬಂತು ಮಾವ! ಕಾಣ್ತಿದೆಯಾ?"

"ಕಾಣ್ತಿದೆ ಕಣಪ್ಪ," ಎಂದರು ಮಾವ. "ನಿದ್ದೆ ಮಾಡ್ತಿರೋ ಹಾಗಿದಾಳೆ."

ಮಗ ಲ್ಯಾಪ್‌ಟಾಪನ್ನು ಇನ್ನೂ ಮಂಚದ ಕಡೆಗೆ ತಿರುಗಿಸಿರಲಿಲ್ಲ. ಅದು ತೋರಿಸುತ್ತಿದ್ದುದು ಚಾವಣಿಯ ಫ್ಯಾನನ್ನು. ಅವನು ತಬ್ಬಿಬ್ಬಾಗಿ ತಂದೆಯ ಕಡೆ ನೋಡಿದ.

* * *

ಹೋದ ವರ್ಷ ಒಂದು ಸಂಜೆ ಅವಳು ಹಳದಿ ಸ್ವೆಟರ್ ತೊಟ್ಟು ಅಣ್ಣನ ಎದುರು ಕೂತಿದ್ದಳು. ನೀಲಿ ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದ ಅಣ್ಣ. ಅವಳು ಒಮ್ಮೆ ತನ್ನ ಮೈ ನೋಡಿಕೊಂಡು, ಹೂಂ ಅಣ್ಣ, ಹೊಸದು ಎಂದಳು.

ಮಾತು ಮುಗಿದ ಮೇಲೆ ಗಂಡನ ಮುಂದೆ ಅತ್ತಳು. ಅಣ್ಣ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಕೂದಲಿನಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದವನು. ಆ ಕಣ್ಣು ಹೋಯಿತೆಂದು ತಂಗಿಗೆ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

"ಕಾಣದೆ ಇದ್ರೂ ಕಾಣೋ ಹಾಗೆ ಮಾತಾಡಿ ಮಾತಾಡಿ ಸುಸ್ತಾಗಿದಾನೆ ರೀ," ಎಂದಳು.

ಮರುದಿನ ಅಣ್ಣನಿಗೆ ತನ್ನ ಕ್ಯಾಮೆರಾ ಕೆಟ್ಟಿದೆ ಎಂದಳು. ಇನ್ನು ಮೇಲೆ ನಾನು ಹೇಳ್ತೀನಿ, ನೀನು ಕೇಳು ಎಂದಳು. ಯಾರಾದರೂ ಬಂದು ಸರಿಮಾಡಿಬಿಟ್ಟಾರೆಂದು ಆ ಬಟ್ಟೆ ಚೂರು ಅಂಟಿಸಿದಳು. ಅಂದಿನಿಂದ ದಿನಾ ಸಂಜೆ ತೊಟ್ಟ ಬಟ್ಟೆ, ಬೀದಿಯ ಸುದ್ದಿ, ಯಾರ ಪ್ಯಾಂಟು ಎಲ್ಲಿ ಹರಿದಿತ್ತೆಂಬುದು, ಎಲ್ಲವನ್ನೂ ಬಾಯಲ್ಲೇ ತೋರಿಸಿದಳು. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಗುಟ್ಟು ಬಿಡಬೇಡಿ ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು.

* * *

ತಂದೆ ಕುರ್ಚಿ ಎಳೆದುಕೊಂಡು ಬಂದು ಕೂತರು. ಮಗ ಲ್ಯಾಪ್‌ಟಾಪ್ ತಿರುಗಿಸಹೋದರೆ, ಇರಲಿ ಬಿಡು ಎಂದರು.

"ಭಾವ, ನಾನು. ಅವಳು ಹಸಿರು ಅಂಗಿ ಹಾಕಿದಾಳೆ. ಕಾಲರಿನದು. ತಾನೇ ಹೊಲ್ಕೊಂಡಿದ್ದು."

ಮಾವ ಮೂಗಿನ ಮೇಲಿನ ಕನ್ನಡಕವನ್ನು ಮುಟ್ಟಿ ನೋಡಿಕೊಂಡರು.

"ಅವಳಿಗೆ ಗೊತ್ತಿತ್ತಾ ಭಾವ?"

"ನೀವು ಹಳದೀನ ನೀಲಿ ಅಂದ ದಿನದಿಂದ."

ಮಾವ ಅತ್ತರೋ ನಕ್ಕರೋ ಹೇಳುವುದು ಕಷ್ಟ. "ಕಳ್ಳಿ," ಎಂದರು. ಆಮೇಲೆ ಮೆಲ್ಲಗೆ, "ಇನ್ನೇನು ಕಾಣುತ್ತೆ? ಹೇಳಿ."

ತಂದೆ ಹೆಂಡತಿಯ ಕಡೆ ತಿರುಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವಳನ್ನು ಹೀಗೆ ನೋಡಿದ್ದು ಇದೇ ಮೊದಲು.

"ತಲೆ ನೀಟಾಗಿ ಬಾಚಿದಾರೆ. ಕಿವಿ ಹತ್ತಿರ ಒಂದೆಳೆ ಮಾತ್ರ ಹೊರಗೆ ಬಂದಿದೆ. ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಕೂಡಿಕೊಂಡಿವೆ, ಸೂಜಿ ಹಿಡಿದ ಹಾಗೆ..."

ಪರದೆಯಲ್ಲಿ ಮಾವ ದಪ್ಪ ಗಾಜಿನ ಕನ್ನಡಕವನ್ನು ಕಳಚಿ ದಿಂಬಿನ ಪಕ್ಕಕ್ಕಿಟ್ಟರು. ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಮುಂದಕ್ಕೆ ತಂದರು.