ಹುಗ್ಗಿ ಅಂದರೆ ಯಾವ ಹುಗ್ಗಿ

೧

ಭಾಗಮ್ಮ ಗೋಧಿ ಕುಟ್ಟುತ್ತಿದ್ದಾಳೆ. ಅರ್ಧ ಕುಟ್ಟಿಯಾಗಿದೆ, ಹೊಟ್ಟು ಬಿಡತೊಡಗಿದೆ, ಒನಕೆ ಹಿಡಿದ ಅಂಗೈ ಕೆಂಪಾಗಿದೆ. ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಯಾವ ಊರು, ಯಾವ ಕಾಲ, ಯಾರಿಗಾಗಿ ಕುಟ್ಟುತ್ತಿದ್ದಾಳೆ ಎಂದು ನೀವು ಕೇಳುತ್ತೀರಿ. ಸರಿ. ಊರು ಸುರಪುರ. ಕನ್ನಡದ ಸೀಮೆಗಳೆಲ್ಲ ಸೇರಿ ಒಂದು ರಾಜ್ಯವಾದ ಮರುವರ್ಷದ ಚಳಿಗಾಲ. ನಿನ್ನೆಮೊನ್ನೆಯವರೆಗೆ ಉರ್ದು ನಡೆಯುತ್ತಿದ್ದ ಶಾಲೆಗೆ ಕನ್ನಡ ಕಲಿಸಲು ನಂಜನಗೂಡು ಕಡೆಯಿಂದ ಒಬ್ಬ ಮಾಸ್ತರ ಬಂದು, ಭಾಗಮ್ಮನ ಮನೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದಾನೆ. ಅವನ ಹೆಂಡತಿ ಪುಟ್ಟತಾಯಿ ಚೊಚ್ಚಿಲ ಬಸುರಿ. ಒಲೆಯ ಮುಂದೆ ಕೂತರೆ ಅವಳಿಗೆ ತಲೆ ಸುತ್ತುತ್ತದೆ. ಭಾಗಮ್ಮ ಮಾಡಿಕೊಟ್ಟ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಪುಂಡಿಪಲ್ಯ ಒಳಗೆ ನಿಲ್ಲುವುದಿಲ್ಲ. ಬಯಕೆ ಏನಾದರೂ ಇದೆಯೇ ಎಂದು ನಿನ್ನೆ ಭಾಗಮ್ಮ ಕೇಳಿದ್ದಳು.

“ಈ ಚಳೀಲಿ ಬಿಸಿಬಿಸಿ ಹುಗ್ಗಿ ತಿನ್ಬೇಕು ಅನ್ಸುತ್ತೆ ಅಕ್ಕ.”

ಅದಕ್ಕೇ ಈ ಗೋಧಿ.

(ಮೈಸೂರು ಕಡೆಯ ಓದುಗರಿಗೆ ಈಗಾಗಲೇ ನಗು ಬಂದಿರಬೇಕು. ಸ್ವಲ್ಪ ತಡೆದುಕೊಳ್ಳಿ. ನಮ್ಮ ಕಡೆಯವರಿಗೆ ಇನ್ನೂ ಏನೂ ಗೊತ್ತಾಗಿಲ್ಲ.)

೨

ಮೊದಲ ಡ್ರಾಫ್ಟಿನಲ್ಲಿ ನಾನು ರಾಜ್ಯ ಒಂದಾದದ್ದನ್ನೇ ಬರೆದಿದ್ದೆ. ಸಭೆ, ಹಾರ, ಭಾಷಣ, ಹೊಸ ನಕಾಶೆ. ಭಾಗಮ್ಮ ಒನಕೆ ನಿಲ್ಲಿಸಿ ನನ್ನ ಕಡೆ ನೋಡಿದಳು.

“ಇದರಾಗ ಒಲಿ ಎಲ್ಲಿ ಅದ?”

ಕಥೆಗೆ ಹಿನ್ನೆಲೆ ಬೇಕಲ್ಲ ಎಂದೆ.

“ಹಿನ್ನೆಲಿ ನೀ ಇಟ್ಕೊ. ಆ ಹುಡುಗಿ ಹಸದಾಳ.”

ಪುಟಗಳು ಡಿಲೀಟ್. ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಭಾಷಣ ಚೆನ್ನಾಗಿರಲಿಲ್ಲ.

೩

ವಿಷಯ ಇಷ್ಟು. ಬರುವ ಆಯಿತವಾರ ಮಾಸ್ತರ ಹೆಂಡತಿಯನ್ನು ಯಾದಗಿರಿಗೆ ಕರೆದೊಯ್ದು, ಅಲ್ಲಿಂದ ರೈಲಿನಲ್ಲಿ ತವರಿಗೆ ಬಿಟ್ಟುಬರಬೇಕೆಂದಿದ್ದಾನೆ. ಒಂದು ತುತ್ತೂ ತಿನ್ನದವಳನ್ನು ಇಲ್ಲಿ ಇಟ್ಟುಕೊಂಡು ಏನು ಮಾಡಲಿ ಎನ್ನುತ್ತಾನೆ. ಊಟ ಸೇರಿದರೆ ಇರಲಿ, ಇಲ್ಲವಾದರೆ ಹೋಗಲಿ. ಅವನು ಕೆಟ್ಟವನಲ್ಲ. (ಕೆಟ್ಟವನನ್ನಾಗಿಸಲು ನೋಡಿದೆ. ಹೆಂಡತಿಯ ಸೀರೆಯನ್ನು ತಾನೇ ಒಗೆದು ಒಣಹಾಕುವ ಮನುಷ್ಯ, ನನ್ನ ಕೈಯಲ್ಲಿ ಆಗಲಿಲ್ಲ.) ಆದರೆ ಆ ತವರಿನಲ್ಲಿ ತಾಯಿ ಇಲ್ಲ, ಅತ್ತಿಗೆ ಇದ್ದಾಳೆ. ಅತ್ತಿಗೆಯ ಬಗ್ಗೆ ಪುಟ್ಟತಾಯಿ ಒಂದು ಕೆಟ್ಟ ಮಾತೂ ಆಡಿಲ್ಲ. ಅವಳ ಹೆಸರು ಬಂದಾಗ ಕೈಯಲ್ಲಿದ್ದದ್ದನ್ನು ಮೆಲ್ಲಗೆ ಕೆಳಗಿಡುತ್ತಾಳೆ, ಅಷ್ಟೇ. ಲೋಟವಾಗಲಿ, ಬಾಚಣಿಗೆಯಾಗಲಿ.

ಭಾಗಮ್ಮ ಅದನ್ನು ನೋಡಿದ್ದಾಳೆ.

೪

ಗೋಧಿ ಬೆಂದಿತು. ಬೆಲ್ಲ ಬಿತ್ತು, ಗಸಗಸೆ ಬಿತ್ತು, ಒಣಕೊಬ್ಬರಿ ಬಿತ್ತು. ಭಾಗಮ್ಮನ ಗಂಡ ಮಲ್ಲಣ್ಣ ಅಂಗಡಿಯಿಂದ ಬಂದವನೇ ಬಟ್ಟಲು ತುಂಬ ಹಾಕಿಸಿಕೊಂಡು, ಮೇಲೆ ಹಾಲು ಸುರಿದುಕೊಂಡು, ಇವತ್ತು ಯಾವ ಹಬ್ಬ ಎಂದು ಕೇಳಿದ. ಉಣ್ಣುವ ಹಬ್ಬ ಎಂದಳು ಭಾಗಮ್ಮ.

ಪುಟ್ಟತಾಯಿ ಬಟ್ಟಲನ್ನು ನೋಡುತ್ತಲೇ ಇದ್ದಳು.

“ಇದೇನಕ್ಕ?”

“ಹುಗ್ಗಿ, ಯವ್ವಾ. ನೀನ ಬೇಡಿದ್ಯಲ್ಲ.”

“ಇದು ಪಾಯಸ ಅಲ್ವಾ?”

ನಗತೊಡಗಿದಳು. ನಗು ಅರ್ಧಕ್ಕೆ ಅಳುವಾಯಿತು. ಆಮೇಲೆ ಮೂಗು ಒರೆಸಿಕೊಂಡು ತನ್ನ ಹುಗ್ಗಿಯನ್ನು ಹೇಳಿದಳು. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮುಂಚೆ ಅಮ್ಮ ಮಾಡುತ್ತಿದ್ದದ್ದು. ಅಕ್ಕಿ, ಹೆಸರುಬೇಳೆ, ತುಪ್ಪದಲ್ಲಿ ಸಿಡಿದ ಜೀರಿಗೆ, ಕಾಳುಮೆಣಸು. ಸಿಹಿ ಇಲ್ಲವೇ ಇಲ್ಲ. ಹೇಳುತ್ತ ಹೇಳುತ್ತ ಉಗುಳು ನುಂಗಿದಳು.

ಭಾಗಮ್ಮ ಮಾತು ಕೇಳಲಿಲ್ಲ, ಆ ಗಂಟಲು ಆಡಿದ್ದನ್ನು ನೋಡಿದಳು.

ಅನ್ನಕ್ಕೆ ಉಪ್ಪು ಮೆಣಸು ಹಾಕಿದರೆ ಅದು ಖಿಚಡಿ, ಹುಗ್ಗಿ ಹೇಗಾದೀತು ಎಂದು ಮಲ್ಲಣ್ಣ ತಕರಾರು ತೆಗೆದ. ಅವರ ಬಾಯಲ್ಲಿ ಅದೇ ಹುಗ್ಗಿ ಎಂದು ಭಾಗಮ್ಮ ಅವನ ಬಟ್ಟಲಿಗೆ ಇನ್ನಷ್ಟು ಸುರಿದಳು. ಬಾಯಿ ಮುಚ್ಚಿಸುವ ದಾರಿ ಅವಳಿಗೆ ಗೊತ್ತು.

೬

(೫ ಇಲ್ಲ. ಅದರಲ್ಲಿ ನಾನು ಭಾಷೆ ಮತ್ತು ಹಸಿವಿನ ಬಗ್ಗೆ ದೊಡ್ಡದಾಗಿ ಬರೆದಿದ್ದೆ.)

ಮರುದಿನ ನಸುಕು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಅಕ್ಕಿ ಹೊರಬಂತು. ಪುಟ್ಟತಾಯಿ ಕಂಬಳಿ ಹೊದ್ದು ಅಡುಗೆಮನೆಯ ಹೊಸ್ತಿಲ ಆಚೆ ಕೂತು ಹೇಳಿದಳು, ಭಾಗಮ್ಮ ಮಾಡಿದಳು. ಮೆಣಸು ಹೀಗೇ ಹಾಕಲೇ, ಕುಟ್ಟಿ ಹಾಕಲೇ? ನೀರು ಇಷ್ಟು ಸಾಕೇ? ಮೂವತ್ತು ವರ್ಷ ಅಡುಗೆ ಮಾಡಿದವಳು ಹೊಸ ಸೊಸೆಯ ಹಾಗೆ ಕೇಳಿದಳು. ಆ ಹುಡುಗಿಯೂ ಅತ್ತೆಯ ಹಾಗೆ ಗದರಿದಳು: “ತುಪ್ಪಕ್ಕೆ ಜಿಪುಣತನ ಮಾಡ್ಬೇಡಿ ಅಕ್ಕ.”

ಉಂಡಳು. ನಾವಿಬ್ಬರೂ, ಎಂದರೆ ನಾನೂ ಭಾಗಮ್ಮನೂ, ಉಸಿರು ಹಿಡಿದು ಕಾದೆವು. ವಾಂತಿಯಾಗಲಿಲ್ಲ. ಇನ್ನೊಂದಿಷ್ಟು ಹಾಕಿ ಎಂದಳು.

ಭಾಗಮ್ಮ ಪಾತ್ರೆಯ ಅಂಚಿನಿಂದ ಚೂರು ಅಂಗೈಗೆ ತೆಗೆದುಕೊಂಡು ಬಾಯಿಗಿಟ್ಟಳು. ಮೊದಲು ತುಪ್ಪ, ಆಮೇಲೆ ಎಲ್ಲೋ ಹಿಂದಿನಿಂದ ಮೆಣಸು. ಚಳಿಗೆ ಮರಗಟ್ಟಿದ್ದ ಕಿವಿ ಬಿಸಿಯಾಯಿತು. ನಿಂತಲ್ಲೇ ನಿಂತಳು. ತೊಟ್ಟಿಲಿಗೆ, ಮದುವೆಗೆ, ಮಠದ ಪಂಕ್ತಿಗೆ ಹುಟ್ಟಿದಾಗಿನಿಂದ ಆಡಿದ ಮಾತು ಹುಗ್ಗಿ. ಆ ಮಾತಿನೊಳಗೆ ಇದೂ ಇತ್ತೇ? ಯಾವುದೋ ದೂರದ ಅಡುಗೆಮನೆಯಲ್ಲಿ, ಯಾರದೋ ತಾಯಿ, ಇದೇ ಹೆಸರು ಹೇಳಿ ಮಕ್ಕಳನ್ನು ಎಬ್ಬಿಸುತ್ತಿದ್ದಳೇ? ಭಾಗಮ್ಮ ಖಾಲಿ ಅಂಗೈಯನ್ನು ಮತ್ತೊಮ್ಮೆ ನೋಡಿಕೊಂಡಳು.

(ನನಗೂ ಇದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ನಾನೂ ಬರೆಯುವುದನ್ನು ನಿಲ್ಲಿಸಿ ಅವಳ ಪಕ್ಕದಲ್ಲಿ ನಿಂತಿದ್ದೆ.)

“ಅಮ್ಮ ಹೋದ್ಮೇಲೆ ಯಾರೂ ಮಾಡ್ಕೊಟ್ಟಿರ್ಲಿಲ್ಲ,” ಎಂದಳು ಪುಟ್ಟತಾಯಿ. ಸ್ವಲ್ಪ ಹೊತ್ತಿಗೆ, “ನಿನ್ನೆ ಸಿಹೀದು ಉಳಿದಿದ್ಯಾ?”

೭

ಮುಕ್ತಾಯ ಒಂದು: ಮಾಸ್ತರ ಪ್ರಯಾಣ ಕೈಬಿಡುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ.

ಮುಕ್ತಾಯ ಎರಡು: ಅವಳು ನಂಜನಗೂಡಿಗೆ ಹೋಗುತ್ತಾಳೆ. ಅಲ್ಲಿ ಸಿಹಿ ಹುಗ್ಗಿಯ ಬಯಕೆ ಹತ್ತುತ್ತದೆ. ಅತ್ತಿಗೆಗೆ ಅದು ಅರ್ಥವಾಗುವುದಿಲ್ಲ.

ಮೂರನೆಯದನ್ನು ಬರೆಯುವಷ್ಟರಲ್ಲಿ ಮಾಸ್ತರ ತಾನೇ ಒಳಗೆ ಬಂದ. ಹೆಂಡತಿ ಉಂಡದ್ದು ಕೇಳಿ ಅವನ ಮುಖ ಅರಳಿತು. ಆಯಿತವಾರ ಬೇಡ ಎಂದ. ಆದರೂ ಹೆರಿಗೆಯ ಹೊತ್ತಿಗೆ ಕಳಿಸಲೇಬೇಕಲ್ಲ, ತವರಿನ ಬಾಣಂತನ ಅಲ್ಲವೇ ಎಂದ. ಮಲ್ಲಣ್ಣ ತಲೆಯಾಡಿಸಿದ.

“ಚೊಚ್ಚಿಲದ್ದು ತವರಮನ್ಯಾಗ ಆಗಬೇಕ್ರಿ ಮಾಸ್ತರ. ಅದು ಪದ್ಧತಿ.”

ಪುಟ್ಟತಾಯಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

ಭಾಗಮ್ಮ ಎದ್ದು ಒಲೆಯ ಗೋಡೆಗೆ ಹೊಂದಿದ, ಹಿಂದೆ ಮನೆಯ ಬಾಣಂತಿಯರು ಮಲಗುತ್ತಿದ್ದ ಚಿಕ್ಕ ಕೋಣೆಗೆ ಹೋದಳು. ಗೋಡೆಗೆ ಅಂಗೈ ಹಚ್ಚಿ ನೋಡಿದಳು, ಬೆಚ್ಚಗಿತ್ತು. ಶೇಂಗಾದ ಚೀಲಗಳನ್ನು ಒಂದೊಂದಾಗಿ ಎಳೆದು ಹೊರಗೆ ಹಾಕಿದಳು. ನೆಲ ಸಾರಿಸಿದಳು. ಗಾಳಿ ಬರುವ ಕಿಂಡಿಗೆ ಹಳೆಯ ಕಂಬಳಿ ತುರುಕಿದಳು. ಇದೇನು ನಡೆಸಿದ್ದೀ ಎಂದು ಮಲ್ಲಣ್ಣ ಕೇಳಿದ. ಇಲಿ ಆಗಿವೆ ಎಂದಳು.

ಈ ಕಥೆಯಲ್ಲಿ ನಾನು ಇಲಿಗಳನ್ನು ಬರೆದೇ ಇಲ್ಲ. ನಿಜ ಹೇಳು, ಏನು ಮಾಡಬೇಕೆಂದಿದ್ದೀ ಎಂದು ಹತ್ತಿರ ಹೋಗಿ ಕೇಳಿದೆ. ಗಂಡನನ್ನು ನೋಡಿದ ಹಾಗೆಯೇ ನನ್ನನ್ನೂ ನೋಡಿದಳು.

“ಹೇಳಿನಲ್ಲ, ಇಲಿ.”

ಬಾಗಿಲು ಮುಂದಕ್ಕೆ ಮಾಡಿದಳು. ನಾನು ಹೊರಗೆ ಉಳಿದೆ, ನೀವೂ ನನ್ನ ಜೊತೆ. ಒಳಗೆ ಹೊರಸುಮಂಚದ ಕಾಲು ನೆಲಕ್ಕೆ ಉಜ್ಜಿದ ಸದ್ದು ಕೇಳಿತು.